ಫ್ಲೈವೀಲಿನ ಮೇಲಿನ ವಿಭೂತಿ

“ಚಪ್ಪಲಿ ಹೊರಗ ಬಿಟ್ಟು ಬಾರವ್ವಾ. ಇವತ್ತ ಅಮಾಸಿ ಐತಿ.”

ವಿಭೂತಿಯ ತಟ್ಟೆ ಹಿಡಿದುಕೊಂಡೇ ನಿಜಗುಣಪ್ಪ ಬಾಗಿಲಿಗೆ ಬಂದ. ಬಂದವಳು ಯಾರೆಂದು ಗುರುತು ಹತ್ತಿದ್ದೇ ತಡ, ಅವನ ಮುಖದ ನಗೆ ಅರ್ಧದಲ್ಲೇ ನಿಂತಿತು.

“ನೀ ಯುವರಾಜನ ತಂಗಿ ಅಲ್ಲೇನು? ಬೈಲಹೊಂಗಲದಾಗ ಫೋಟೋ ಸ್ಟುಡಿಯೋ ಇಟ್ಟಾಕಿ?”

“ಹೌದ್ರಿ ಕಾಕಾ. ಪ್ರಣಿತಾ.”

“ಪೊಲೀಸರಿಗೆ ಏನು ಹೇಳಬೇಕೋ ಎಲ್ಲಾ ಹೇಳೀನಿ. ಆ ಫ್ಲೈವೀಲ್ ನನ್ನ ಅಂಗಡಿ ಹೊಸ್ತಿಲಾ ದಾಟಿಲ್ಲ. ಮತ್ತ ಮತ್ತ ಅದನ್ನಽ ಕೇಳಿದ್ರ ಹೊಸಾದು ಏನು ಹೇಳ್ಲಿ ನಾ?”

ಪ್ರಣಿತಾ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೇಬಿಟ್ಟಳು. ಬರಿಗೈಯಲ್ಲಿ ಯರಗಟ್ಟಿಯಿಂದ ವಾಪಸು ಹೋಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಇವತ್ತು ಮಧ್ಯಾಹ್ನ ಬೈಲಹೊಂಗಲದ ಕೋರ್ಟಿನಲ್ಲಿ ಅವಳ ಅಣ್ಣ ಯುವರಾಜ, ‘ಭರತ ಸತ್ತದ್ದು ನನ್ನ ಕೈಯಿಂದ’ ಎಂದು ನ್ಯಾಯಾಧೀಶರ ಮುಂದೆ ಒಪ್ಪಿಕೊಳ್ಳುವವನಿದ್ದ. ಅಷ್ಟರೊಳಗೆ ಆ ಮಾತು ಸುಳ್ಳೆಂದು ತೋರಿಸಬೇಕು. ತೋರಿಸದಿದ್ದರೆ ಅಣ್ಣ ಕೈಬಿಟ್ಟು ಹೋದಂತೆಯೇ.

ನಡೆದದ್ದನ್ನೆಲ್ಲ ಮೊದಲಿನಿಂದ ಹೇಳುತ್ತ ಕೂಡುವಷ್ಟು ಪುರಸೊತ್ತು ಅವಳಿಗಿಲ್ಲ, ನಮಗೂ ಇಲ್ಲ. ಹೂಲಿಯ ಹೊರಗಿನ ಬಯಲಿನಲ್ಲಿ ಜೀಪುಗಳ ಕೆಸರು ರೇಸ್ ನಡೆದ ದಿನ ಭರತನ ಜೀಪಿನ ಫ್ಲೈವೀಲ್ ಒಡೆಯಿತು, ಅದರ ಚೂರು ಕಾಲಡಿಯ ತಗಡು ಹರಿದುಕೊಂಡು ಮೇಲೆ ಬಂತು, ಭರತ ಉಳಿಯಲಿಲ್ಲ.

ಫ್ಲೈವೀಲ್ ಅಂದರೆ ಇಂಜಿನ್ನಿನ ಹಿಂದೆ ಕೂತು ತಿರುಗುವ ಬೀಡುಕಬ್ಬಿಣದ ಭಾರದ ಗಾಲಿ. ಅದರ ಭಾರದಿಂದಲೇ ಇಂಜಿನ್ನು ಸಾವಕಾಶ ಓಡುತ್ತದೆ. ರೇಸಿನ ಹುಡುಗರಿಗೆ ಸಾವಕಾಶ ಎಲ್ಲಿ ಬೇಕು? ಗಾಲಿಯನ್ನು, ಕಬ್ಬಿಣ ತಿರುಗಿಸಿ ಕಡಿಯುವ ಲೇಥಿಗೆ ಕಟ್ಟಿಸಿ, ಅಂಚು ಕಡಿಸಿ, ತೂಕ ಇಳಿಸಿಕೊಳ್ಳುತ್ತಾರೆ. ಆಮೇಲೆ ಪೆಡಲ್ ಮುಟ್ಟಿದರೆ ಸಾಕು, ಗಾಡಿ ಚಂಗನೆ ಜಿಗಿಯುತ್ತದೆ. ಕಡಿದ ಕೈ ಪಳಗಿದ್ದರೆ ಸರಿ. ಒಂದು ಬದಿ ತೆಳ್ಳಗಾಗಿ ಇನ್ನೊಂದು ಬದಿ ದಪ್ಪ ಉಳಿಯಿತೋ, ಸೀಟಿನ ಕೆಳಗೆ ಬಾಂಬು ಇಟ್ಟುಕೊಂಡು ಓಡಿಸಿದ ಹಾಗೆ.

ಭರತನ ಗಾಲಿ ಒಂದು ಬದಿ ತೆಳ್ಳಗಿತ್ತು. ಪರೀಕ್ಷೆ ಮಾಡಿದವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಇದು ಕಸುಬಿನವರ ಕೆಲಸ ಅಲ್ಲ, ಮನೆಯಲ್ಲಿ ಮಾಡಿಕೊಂಡ ಅಡ್ಡಾದಿಡ್ಡಿ ಕೆಲಸ. ಭರತನ ಜೀಪು ಸಜ್ಜು ಮಾಡಿಕೊಟ್ಟವನು ಯುವರಾಜ, ಅವನ ಗ್ಯಾರೇಜು ಇರುವುದು ಮನೆಯ ಹಿತ್ತಲಲ್ಲೇ. ಗುಜರಿಯಿಂದ ತಂದ ಹಳೆಯ ಲೇಥೊಂದು ಅಲ್ಲಿ ಇದೆ. ಇನ್ನೇನು ಬೇಕು!

ಮೊದಲ ದಿನ ಯುವರಾಜ ಎದೆ ತಟ್ಟಿ ಹೇಳಿದ್ದ, “ಗಾಲಿ ಕಡಿಸಿದ್ದು ಯರಗಟ್ಟಿ ನಿಜಗುಣಪ್ಪನವರ ಅಂಗಡ್ಯಾಗ.” ಆಮೇಲೆ ಠಾಣೆಯಲ್ಲಿ ಒಡೆದ ಚೂರುಗಳನ್ನು ಅವನ ಮುಂದೆ ಇಟ್ಟರು. ಅವನು ಒಂದೊಂದಾಗಿ ತಿರುವಿ ನೋಡಿದ. ನೋಡಿದವನೇ ಮಾತು ಬದಲಿಸಿದ. “ಎಲ್ಲಿಗೂ ಒಯ್ದಿಲ್ಲ. ಮನ್ಯಾಗ ನಾನಽ ಕಡದೀನಿ.” ಅವತ್ತಿನಿಂದ ಇವತ್ತಿನವರೆಗೆ ಬೇರೆ ಮಾತಿಲ್ಲ.

ಆ ಚೂರಿನಲ್ಲಿ ಏನು ಕಂಡ ಅವನು? ವಕೀಲೆ ಶರ್ವರಿ ಕೇಳಿದರು. ಅವ್ವ ಸಾವಂತ್ರೆವ್ವ ಜೈಲಿನ ಜಾಳಿಗೆಗೆ ಹಣೆ ಹಚ್ಚಿ ಅತ್ತು ಕೇಳಿದಳು. ಪ್ರಣಿತಾ ಬೈದು ಕೇಳಿದಳು. ಊಹೂಂ, ತುಟಿ ಬಿಚ್ಚಲಿಲ್ಲ ಪುಣ್ಯಾತ್ಮ.

ಎಲ್ಲಕ್ಕಿಂತ ಕೆಟ್ಟದ್ದು ಭರತನ ತಾಯಿ ಯಮುನಾಬಾಯಿ ಸ್ಟುಡಿಯೋಕ್ಕೆ ಬಂದ ದಿನ. ಮಗನ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕಿತ್ತಂತೆ. ಬೇರೆ ಸ್ಟುಡಿಯೋ ಇಲ್ಲವೇ ಊರಲ್ಲಿ? ಇವೆ. ಆದರೂ ಆಕೆ ಇಲ್ಲಿಗೇ ಬಂದರು. ಫೋಟೋ ಮೇಜಿನ ಮೇಲಿಟ್ಟು ಕೇಳಿದರು, “ಪ್ರಣಿತಾ, ಒಂದಽ ಮಾತು ಹೇಳು. ‘ಕಸುಬಿನವರ ಕಡಿಂದನಽ ಮಾಡಸ್ತೇನಿ, ನೀವು ಕಾಳಜಿ ಮಾಡಬ್ಯಾಡ್ರಿ ಆಯಿ’ ಅಂತ ನಿಮ್ಮಣ್ಣ ನನ್ನ ಮುಂದ ಹೇಳಿದ್ದ. ನನ್ನ ಕೈಯಾಗಿನ ಚಹಾ ಕುಡಕೋತ ಸುಳ್ಳು ಹೇಳಿದನೇನವಾ ಅಂವಾ?”

ಪ್ರಣಿತಾ ಫೋಟೋ ತೆಗೆದುಕೊಂಡು ರಸೀದಿ ಬರೆದುಕೊಟ್ಟಳು. ಆಕೆ ಹೋದ ಮೇಲೆ ಕತ್ತಲೆಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಇವತ್ತು ಆ ಪ್ರಶ್ನೆಗೆ ಉತ್ತರ ಅವಳ ಚೀಲದಲ್ಲಿತ್ತು.

“ಕಾಕಾ, ಜಗಳಾ ತಗಿಯಾಕ ಬಂದಿಲ್ಲ ನಾ. ಒಂದು ಫೋಟೋ ತೋರಸ್ತೇನಿ. ನೋಡಿ ಹೇಳ್ರಿ, ಇದೇನು ಅಂತ.”

ಅಪಘಾತ, ಕಳವು ಅಂತ ಠಾಣೆಗೆ ಫೋಟೋ ಬೇಕಾದಾಗ ಕರೆ ಬರುವುದು ಪ್ರಣಿತಾಗೇ. ಭರತನ ಜೀಪಿನ ಇಂಜಿನ್ ಬಿಚ್ಚಿದ ದಿನವೂ ಬಂದಿತ್ತು. ಅಣ್ಣನ ಹೆಸರು ಆಗ ಇನ್ನೂ ಯಾರ ಬಾಯಲ್ಲೂ ಇರಲಿಲ್ಲ. ಚೂರುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಫೋಟೋ ಹೊಡೆದು ಮನೆಗೆ ಬಂದಿದ್ದಳು. ಇಂದು ಮುಂಜಾನೆ, ಇನ್ನೇನೂ ಮಾಡಲು ತೋಚದೆ, ಅವೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತ ಕೂತಾಗ ಅದು ಕಣ್ಣಿಗೆ ಬಿತ್ತು.

ಗಾಲಿಯ ನಡುಭಾಗದ ಚೂರು. ಇಂಜಿನ್ನಿಗೆ ಒತ್ತಿ ಕೂಡುವ ಒಳಮೈ. ಬೋಲ್ಟ್ ಬಿಗಿದ ಮೇಲೆ ಅಲ್ಲಿಗೆ ಗಾಳಿ ಕೂಡ ಹೋಗುವುದಿಲ್ಲ. ಅಲ್ಲಿ ಬೆಳ್ಳಗೆ, ಮಾಸಲಾಗಿ, ಬೆರಳಿನಿಂದ ಎಳೆದ ಗೆರೆಗಳು. ವಿಭೂತಿ!

ಅವರ ಮನೆಯಲ್ಲಿ ವಿಭೂತಿ ಎಲ್ಲಿಂದ ಬರಬೇಕು? ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಮುಂದೆ ಮೇಣದಬತ್ತಿ, ಒಂದಿಷ್ಟು ಹೂವು. ಅಜ್ಜನ ಕಾಲಕ್ಕೇ ವಿಭೂತಿ, ಭಂಡಾರದ ಅರಿಸಿನ ಎಲ್ಲ ಬಿಟ್ಟ ಮನೆತನ ಅದು. ರೇಸಿನ ದಿನ ಮುಂಜಾನೆಯಷ್ಟೇ ಗಾಲಿ ಯುವರಾಜನ ಕೈಗೆ ಬಂದಿರಬೇಕು, ಅವಸರದಲ್ಲಿ ಒರೆಸದೆ ಜೋಡಿಸಿರಬೇಕು. ಅಂದರೆ ಅದು ಬೇರೆ ಯಾರದೋ ಅಂಗಡಿಯಲ್ಲಿತ್ತು!

ಪ್ರಣಿತಾ ಕೂಗಿಕೊಂಡೇ ಅಡುಗೆಮನೆಗೆ ಓಡಿದ್ದಳು. ಅವ್ವನಿಗೆ ಫೋಟೋ ತೋರಿಸಿದಳು. ಅಪ್ಪ ಶಟ್ಟೆಪ್ಪ ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ಹುಬ್ಬಳ್ಳಿಯ ಕಾರ್ಖಾನೆಗೆ ಅರ್ಧ ಆಯುಷ್ಯ ಮತ್ತು ನಡುಬೆರಳಿನ ತುದಿ ಕೊಟ್ಟು ಬಂದವನು, ಈಗ ಕಣ್ಣಿಗೆ ಪೊರೆ. ಫೋಟೋ ಮೂಗಿನ ತನಕ ಹಿಡಿದ.

“ನನಗೇನು ಕಾಣತೈತಿ ಇದರಾಗ? ನೀನಽ ಹೇಳು, ಹೆಂಗದಾವು ಗೆರಿ?”

“ಮೂರು ಗೆರಿ ಅಪ್ಪಾ. ನಡುವಿಂದು ಅರ್ಧಕ್ಕ ಅಳಿಸೇತಿ. ಬೋಲ್ಟ್ ಒತ್ತಿ ಹೋಗಿರಬೇಕು.”

ಅಪ್ಪ ಫೋಟೋ ಕೆಳಗಿಟ್ಟು ಎದ್ದ. ಬುದ್ಧವಿಹಾರಕ್ಕೆ ಹೋಗಿ ಬರ್ತೇನಿ ಎಂದು ಅಂಗಿ ಹಾಕಿಕೊಂಡು ಹೊರಟುಹೋದ. ಚಹಾ ಬಟ್ಟಲಿನಲ್ಲೇ ಉಳಿಯಿತು. ಅಣ್ಣ ಒಳಗೆ ಹೋದಂದಿನಿಂದ ಅಪ್ಪ ಹೀಗೇ, ಮನೆಯಲ್ಲಿ ನಿಲ್ಲುವುದಿಲ್ಲ. ಪ್ರಣಿತಾ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಫೋಟೋವನ್ನು ಶರ್ವರಿಗೆ ಮೊಬೈಲಿನಲ್ಲಿ ಕಳಿಸಿ, ಅವರೊಂದಿಗೆ ಮಾತಾಡಿ, ಯರಗಟ್ಟಿಯ ಬಸ್ಸು ಹಿಡಿದಳು.

ಈಗ ಆ ಫೋಟೋ ನಿಜಗುಣಪ್ಪನ ಕೈಯಲ್ಲಿತ್ತು. ಅವನು ಬಹಳ ಹೊತ್ತು ನೋಡಿದ.

“ವಿಭೂತಿ,” ಅಂದ ಕೊನೆಗೆ. “ಆದ್ರೇನಾತು? ಸವದತ್ತಿ ತಾಲೂಕಿನ್ಯಾಗ ಯಾವ ಗ್ಯಾರೇಜಿನ್ಯಾಗ ಅಮಾಸಿಗೆ ವಿಭೂತಿ ಹಚ್ಚೂದಿಲ್ಲ?”

“ಮಷೀನಿಗೆ ಹಚ್ತಾರ ಕಾಕಾ. ಗಿರಾಕಿ ತಂದುಕೊಟ್ಟ ಮಾಲಿಗೆ ಯಾರು ಹಚ್ತಾರ?” ಪ್ರಣಿತಾ ಕೈ ಬೀಸಿ ಅಂಗಡಿ ತೋರಿಸಿದಳು. “ನೋಡ್ರಿ, ಇಲ್ಲಿ ಹಚ್ಚ್ಯಾರ.”

ಅಂಗಡಿಯಲ್ಲಿ ದೀಪವಿರಲಿಲ್ಲ. ಅಮಾವಾಸ್ಯೆಗೆ ಯಂತ್ರ ತಿರುಗಿಸುವುದಿಲ್ಲ ಎಂದು ಮೇನ್ ಸ್ವಿಚ್ಚೇ ತೆಗೆದಿದ್ದರು. ಬಾಗಿಲಿನಿಂದ ಬಂದ ಬೆಳಕಿನಲ್ಲಿ ಒರೆಸಿ ತೊಳೆದ ಲೇಥು, ಅದರ ಮೇಲೆ ನಿಂಬೆಹಣ್ಣು, ಊದಿನಕಡ್ಡಿ. ನೆಲದ ಮೇಲೆ ಗಿರಾಕಿಗಳ ಸಾಮಾನು: ಟ್ರ್ಯಾಕ್ಟರಿನ ಹಬ್ಬು, ಪಂಪಿನ ಶಾಫ್ಟು, ರಾಶಿಯಂತ್ರದ ಪುಲ್ಲಿ. ಒಂದನ್ನೂ ಬಿಡದೆ ಎಲ್ಲದರ ಮೇಲೂ ಬೆಳ್ಳಗೆ ಗೆರೆ ಎಳೆದಿತ್ತು.

ಕಸುಬಿನ ಮಾತು ಬಂದರೆ ನಿಜಗುಣಪ್ಪನಿಗೆ ಬಾಯಿ ನಿಲ್ಲುವುದಿಲ್ಲ. ಅಭಿಮಾನ ಅಂಥದು.

“ನಮ್ಮ ಅಂಗಡ್ಯಾಗ ಹಂಗಽ. ನಮ್ಮಪ್ಪ ಹಾಕಿಕೊಟ್ಟ ರೀತಿ. ಅಮಾಸಿ ದಿನ ಈ ಮಾಡಿನ ಕೆಳಗಿದ್ದ ಕಬ್ಬಣ ಯಾರದರ ಇರ್ಲಿ, ವಿಭೂತಿ ಇಲ್ಲದ ಇಡಂಗಿಲ್ಲ. ಅದೂ ಯಾರ ಕೈಯಾಗ ಯಾವ ಕೆಲಸ ಐತಿ, ಅವರಽ ಹಚ್ಚಬೇಕು. ಒಬ್ಬರ ಕೆಲಸಕ್ಕ ಇನ್ನೊಬ್ಬರು ಬೆರಳು ಮುಟ್ಟಸಂಗಿಲ್ಲ. ಇಂಥಾ ರೀತಿ ಸುತ್ತ ಯಾವ ಅಂಗಡ್ಯಾಗೂ ಸಿಗೂದಿಲ್ಲ, ತಿಳಕೋ!”

ಅಂದಮೇಲೆ, ತಾನು ಏನು ಅಂದೆ ಎಂದು ಅವನಿಗೇ ಹೊಳೆಯಿತು. ಫೋಟೋವನ್ನು ಅವಳ ಕೈಗೆ ತುರುಕಿದ.

“ಯಾವ ಅಂಗಡ್ಯಾಗೂ ಸಿಗೂದಿಲ್ಲ,” ಪ್ರಣಿತಾ ಅದೇ ಮಾತನ್ನು ಮೆಲ್ಲಗೆ ತಿರುಗಿ ಅಂದಳು. “ರೇಸ್ ಇದ್ದದ್ದು ಹೋದ ಅಮಾಸಿ ಮರುದಿನ ಕಾಕಾ. ಅಮಾಸಿ ಅಂತ ಗಾಲಿ ಅವತ್ತ ಹೊರಗ ಕೊಡಲಿಲ್ಲ ನೀವು. ಇಲ್ಲೇ ನೆಲದ ಮ್ಯಾಲಿತ್ತು, ವಿಭೂತಿ ಹಚ್ಚಿಸಿಕೊಂತು. ಮರುದಿನ ಮುಂಜಾನಿ ನಮ್ಮಣ್ಣ ಬಂದು ಒಯ್ದ. ಹೌದಿಲ್ಲೋ?”

ನಿಜಗುಣಪ್ಪ ಸ್ಟೂಲು ಎಳೆದುಕೊಂಡು ಕೂತ.

“ತಂಗೀ,” ಅಂದ. ದನಿ ಇಳಿದಿತ್ತು. “ನಿನ್ನ ಕೈ ಮುಗೀತೇನಿ, ಇಲ್ಲಿಗೆ ಬಿಡು. ಮುಂದ ಹೋಗಬ್ಯಾಡ. ನಿಮ್ಮಣ್ಣ ಶಾಣ್ಯಾ ಅದಾನ. ಎಲ್ಲಾ ತಿಳದಽ ಸುಮ್ಮನ ಅದಾನ.”

ಇಷ್ಟು ದಿನ ಪ್ರಣಿತಾ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಆ ಒಂದು ಮಾತಿಗೆ ಕಟ್ಟೆ ಒಡೆಯಿತು.

“ಬಿಡಬೇಕಾ? ಅಂವ ಜೈ‌ಲಿನ್ಯಾಗ ಕೊಳೀಲಿ, ನೀವು ಇಲ್ಲಿ ಕಾಯಿ ಒಡದು ಪ್ರಸಾದ ಹಂಚಕೋತ ಕುಂದರ್ರಿ, ಹಂಗೇನು? ನಮ್ಮವ್ವ ಅನ್ನಾ ಬಿಟ್ಟಾಳ್ರಿ. ನಮ್ಮಪ್ಪ ಹುಚ್ಚರಂಗ ಊರು ತಿರಗಾಕತ್ತಾನ. ಭರತನ ತಾಯಿ ನನ್ನ ಮಾರಿ ನೋಡಿ ಕೇಳ್ತಾರ, ನಿಮ್ಮಣ್ಣ ಸುಳ್ಳು ಹೇಳಿದನೇನು ಅಂತ. ಏನು ಹೇಳ್ಲಿ ನಾ ಆಕಿಗೆ? ನಾ ಬದುಕಿರೂತನಾ ಬಿಡೂದಿಲ್ಲ ಕಾಕಾ!”

ಅಷ್ಟಕ್ಕೇ ನಿಲ್ಲಲಿಲ್ಲ. ಎಣ್ಣೆಗಟ್ಟಿದ ಆ ನೆಲದ ಮೇಲೆ ಮೊಣಕಾಲೂರಿ ಅವನ ಕಾಲು ಹಿಡಿದಳು. ಯಾರ ಮುಂದೆಯೂ ತಲೆ ತಗ್ಗಿಸಬಾರದೆಂದು ಅಪ್ಪ ಕಲಿಸಿದ್ದ. ಆ ಪಾಠ ಇವತ್ತು ಅವಳಿಗೆ ಬೇಡವಾಗಿತ್ತು. ಅಣ್ಣ ಬೇಕಾಗಿದ್ದ, ಅಷ್ಟೇ.

“ಏಳು! ಏಳವ್ವಾ, ಏನು ಮಾಡಾಕತ್ತಿ?” ನಿಜಗುಣಪ್ಪ ಗಡಬಡಿಸಿ ಕಾಲು ಹಿಂದೆಳೆದುಕೊಂಡ. ಒಮ್ಮೆ ಅಂಗಡಿಯ ಹಿಂಭಾಗದ ಕತ್ತಲೆಯ ಕಡೆಗೆ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಔಷಧಿ ನುಂಗಿದವನ ಹಾಗೆ ಅಂದ:

“ಆತು. ನಾನಽ ಕಡದೀನಿ. ತಪ್ಪಿ ಕಡದೀನಿ. ಪೊಲೀಸರ ಮುಂದ ಸುಳ್ಳು ಹೇಳೀನಿ. ಯಾರಿಗೆ ಹೇಳ್ತಿಯೋ ಹೇಳು ಹೋಗು.”

ಅಯ್ಯೋ, ಆ ಕ್ಷಣದ ಸಂತೋಷ! ಪ್ರಣಿತಾ ಅಳುತ್ತಲೇ ನಕ್ಕಳು. ಮೊಬೈಲ್ ತೆಗೆದು ಶರ್ವರಿಗೆ ಹಚ್ಚಿದಳು. ಬೆರಳು ನಿಲ್ಲದೆ ಒಂದು ಸಲ ತಪ್ಪು ನಂಬರಿಗೂ ಹೋಯಿತು.

“ಮೇಡಮ್, ಒಪ್ಪಿಕೊಂಡ್ರು! ಇಲ್ಲಿ ಯಾರು ಕೆಲಸಾ ಮಾಡ್ತಾರ ಅವರಽ ವಿಭೂತಿ ಹಚ್ಚೂ ರೀತಿ ಐತಂತ. ಹಚ್ಚಿದ ಕೈ ಯಾವುದೋ, ಕಡದ ಕೈನೂ ಅದಽ!”

“ಶಾಬ್ಬಾಸ್ ಪ್ರಣಿತಾ!” ಶರ್ವರಿಯ ದನಿಯೂ ಏರಿತು. “ಹಂಗಾದ್ರ ಅದು ಸಹಿ ಮಾಡಿಕೊಟ್ಟಂಗ. ಕೇಳಿಲ್ಲೆ, ನೀ ಕಳಿಸಿದ ಫೋಟೋ ಇನ್ಸ್‌ಪೆಕ್ಟರ್ ಅಮೋಘಸಿದ್ದಪ್ಪನವರಿಗೆ ಆಗಲೇ ತೋರಿಸೇನಿ. ಅವರು ಯರಗಟ್ಟಿ ಹಾದಿ ಹಿಡದು ಬಹಳ ಹೊತ್ತಾತು. ಈ ಮಾತೂ ಅವರಿಗೆ ಈಗಽ ಹೇಳ್ತೇನಿ. ಆ ಮನಷಾ ಎಲ್ಲೂ ಹೋಗಧಂಗ ನೋಡಿಕೋ.”

“ಎಲ್ಲೂ ಹೋಗೂದಿಲ್ರಿ ಅವರು,” ಅಂದಳು ಪ್ರಣಿತಾ. ನಿಜಗುಣಪ್ಪ ಸ್ಟೂಲಿನ ಮೇಲೆ ಹಾಗೇ ಕೂತಿದ್ದ. ಪಾಪ ಅನಿಸಿತು ಕೂಡ.

ಪೊಲೀಸರು ಬರುವಷ್ಟರಲ್ಲಿ ಪುರಾವೆ ಭದ್ರ ಮಾಡಿಕೊಳ್ಳೋಣವೆಂದು ಅವಳು ಚೀಲದಿಂದ ಕ್ಯಾಮೆರಾ ತೆಗೆದಳು. ಮುಂದಿನ ದೊಡ್ಡ ಲೇಥಿನ ಮೇಲೆ ನಿಜಗುಣಪ್ಪ ಇದೀಗ ಎಳೆದ ವಿಭೂತಿ ಇನ್ನೂ ಹಸಿಯಾಗಿತ್ತು. ಅದನ್ನೂ ಚೂರಿನ ಮೇಲಿನ ಗೆರೆಯನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು.

ಕ್ಯಾಮೆರಾದ ಪರದೆಯಲ್ಲಿ ಮೂರು ಗೆರೆ. ಮೂರೂ ಒಂದೇ ಅಳತೆ, ಒಂದೇ ದಪ್ಪ, ಈ ತುದಿಯಿಂದ ಆ ತುದಿಯವರೆಗೆ ನೀಟು.

ಅವಳು ಫೋಟೋ ನೋಡಿದಳು. ಮತ್ತೆ ಲೇಥು ನೋಡಿದಳು.

ಚೂರಿನ ಮೇಲೆ ಮೇಲಿನ ಗೆರೆ ಪೂರ್ತಿ ಇತ್ತು, ಕೆಳಗಿನದೂ ಪೂರ್ತಿ. ನಡುವಿನದು ತಡವಾಗಿ ಶುರುವಾಗಿ, ತೆಳ್ಳಗೆ ಓಡಿ, ಅರ್ಧಕ್ಕೇ ಮುಗಿದಿತ್ತು. ಬೋಲ್ಟು ಒತ್ತಿದ್ದರೆ ಮೂರೂ ಅಳಿಸಬೇಕಿತ್ತು, ಒಂದೇ ಯಾಕೆ ಅಳಿಸಿತು? ಮುಂಜಾನೆ ಇದು ಯಾಕೆ ಹೊಳೆಯಲಿಲ್ಲ? ಇದು ಅಳಿಸಿದ ಗೆರೆಯಲ್ಲ. ಎಳೆಯುವಾಗಲೇ ಅಷ್ಟು.

“ಕಾಕಾ, ನಿಮ್ಮ ಬಲಗೈ ತೋರಸ್ರಿ.”

ನಿಜಗುಣಪ್ಪನ ಐದೂ ಬೆರಳು ಸರಿಯಾಗಿದ್ದವು. ಅವನು ಕೈ ಮುಚ್ಚಿಕೊಂಡ.

ಪ್ರಣಿತಾಳ ಕಾಲು ತಾನಾಗಿ ಹಿಂಭಾಗದ ಕತ್ತಲೆಯ ಕಡೆಗೆ ಹೊರಟಿತು. ಅಲ್ಲಿ ಇನ್ನೊಂದು ಲೇಥು ಇತ್ತು, ಮುಂದಿನದಕ್ಕಿಂತ ಹಳೆಯದು. ಅದನ್ನೂ ತೊಳೆದು ಒರೆಸಿದ್ದರು. ಅದರ ಮೇಲೂ ವಿಭೂತಿ ಇತ್ತು, ಅದೂ ಹಸಿ.

ಮೇಲೊಂದು ಗೆರೆ. ಕೆಳಗೊಂದು ಗೆರೆ. ನಡುವೆ ಅರ್ಧ.

ಲೇಥಿನ ಹಿಡಿಕೆಗೆ ಒಂದು ಬಟ್ಟೆಯ ಚೀಲ ತೂಗುಹಾಕಿತ್ತು. ಅದರ ಮೇಲೆ ಅವಳದೇ ಸ್ಟುಡಿಯೋದ ಹೆಸರು. ದೀಪಾವಳಿಗೆ ಗಿರಾಕಿಗಳಿಗೆ ಹಂಚಲು ಅವಳೇ ಅಚ್ಚು ಹಾಕಿಸಿದ್ದು. ಒಂದನ್ನು ಅಪ್ಪ ಇಟ್ಟುಕೊಂಡಿದ್ದ. ವಿಹಾರಕ್ಕೆ ಹೋಗುವಾಗ ಹೆಗಲಿಗೆ ಅದೇ ಚೀಲ.

ಅವಳು ಚೀಲವನ್ನು ಮುಟ್ಟಿ ನೋಡಿದಳು. ಲೇಥು ಹಿಡಿದು ನಿಂತಳು.

“ಅದಕ್ಕಽ ಅಂದೆ ಮುಂದ ಹೋಗಬ್ಯಾಡ ಅಂತ,” ನಿಜಗುಣಪ್ಪ ಹಿಂದೆ ಬಂದು ನಿಂತಿದ್ದ. ಅವನೂ ಅಳುತ್ತಿದ್ದ. “ಹುಬ್ಬಳ್ಯಾಗ ಶಟ್ಟೆಪ್ಪನಂಥಾ ಲೇಥಿನ ಟರ್ನರ್ ಇನ್ನೊಬ್ಬ ಇರಲಿಲ್ಲ. ಮನ್ಯಾಗ ನೀವು ಲೇಥಿನ ಸ್ವಿಚ್ಚಿಗೆ ಕೀಲಿ ಹಾಕಿದ್ರಿ, ಕಣ್ಣು ಹೋಗ್ಯಾವ ಅಂತ.”

ಹೌದು, ಹಾಕಿದ್ದರು. ಯುವರಾಜನೇ ಹಾಕಿದ್ದ. ಇನ್ನು ಮೇಲೆ ಲೇಥು ಮುಟ್ಟುವುದಿಲ್ಲ ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದರು. ಕಣ್ಣಿನ ಆಪರೇಷನ್ ಆಗುವತನಕ ಅಷ್ಟೇ ಅಪ್ಪಾ ಎಂದು ಅವಳೇ ಸಮಾಧಾನ ಹೇಳಿದ್ದಳು.

“ಇಲ್ಲಿಗೆ ಬಂದು ಕೇಳಿಕೊಂಡ. ಕೆಲಸ ಬಿಟ್ಟು ಕುಂತ್ರ ಸಾಯ್ತೇನಿ ನಿಜಗುಣಾ ಅಂದ. ಕಣ್ಣು ಕಾಣದಿದ್ರೂ ಬೆರಳಿಲೆ ಅಳತಿ ಹಿಡೀತಿದ್ದ, ಒಂದು ಕೂದಲೆಳಿ ತಪ್ಪತಿರಲಿಲ್ಲ. ಅಂವ ಮಾಡಿದ್ದನ್ನ ನಾ ತಪ್ಪದಽ ತಪಾಸ ಮಾಡತಿದ್ದೆ, ತೂಗಿ ನೋಡತಿದ್ದೆ. ಅದೊಂದು ದಿನ ಅಮಾಸಿ ಸಂತಿ ಮಾಡಾಕ ಹೋದೆ. ತಪಾಸ ಮಾಡದಽ ಗಾಲಿ ಕೊಟ್ಟೆ. ತಪ್ಪು ನಂದು ತಂಗೀ.”

“ಅಪ್ಪಗ ಗೊತ್ತಿತ್ತಾ?”

“ಇಲ್ಲ. ಒಡದದ್ದು ನಮ್ಮ ಅಂಗಡೀದು ಅಲ್ಲ ಅಂತ ಅವಗೂ ಸುಳ್ಳು ಹೇಳಿದ್ದೆ. ಇವತ್ತ ಮುಂಜಾನಿ ನಿನ್ನ ಬಾಯಿಂದ ನಡುಗೆರಿ ಸುದ್ದಿ ಕೇಳಿದ ನೋಡು, ನೆಟ್ಟಗ ಇಲ್ಲಿಗೆ ಬಂದ. ತನ್ನ ಲೇಥಿಗೆ ಕಡೀ ಸಲ ವಿಭೂತಿ ಹಚ್ಚಿದ. ಠಾಣೆಗೆ ಹೊಂಟೇನಿ ಅಂದ. ನಾನಽ ತಡದು ಹಿಂದಿನ ಖೋಲ್ಯಾಗ ಕುಂಡ್ರಿಸೀನಿ.”

ಈಗ ಎಲ್ಲ ತಿಳಿಯಿತು. ಠಾಣೆಯಲ್ಲಿ ಯುವರಾಜ ಚೂರು ತಿರುವಿ ನೋಡಿ ಮಾತು ಬದಲಿಸಿದ್ದು ಯಾಕೆಂದು ತಿಳಿಯಿತು. ಚಿಕ್ಕಂದಿನಿಂದ ಹಿಡಿದು ನಡೆದ, ನಡುಬೆರಳು ಮೊಂಡಾದ ಕೈ ಅದು, ಅದರ ಗುರುತು ಅವನಿಗೆ ಸಿಗದೇ ಇರುತ್ತದೆಯೇ? ಅವಳಿಗೂ ಸಿಗಬೇಕಿತ್ತು. ಅವಳು ಅದೇ ಗುರುತನ್ನು ದೊಡ್ಡದು ಮಾಡಿ, ಪೊಲೀಸರಿಗೆ ಕಳಿಸಿ, ಕುಣಿದಾಡುತ್ತ ಇಲ್ಲಿಗೆ ಬಂದಿದ್ದಳು.

ಶರ್ವರಿಗೆ ಮತ್ತೆ ಫೋನು ಹಚ್ಚಿದಳು. ಆ ಕಡೆಯ ಫೋನು ಬೇರೆ ಮಾತಿನಲ್ಲಿತ್ತು. ಮತ್ತೆ ಹಚ್ಚಿದಳು. ಮಾತಿನಲ್ಲೇ ಇತ್ತು.

ಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು.

ಇನ್ಸ್‌ಪೆಕ್ಟರ್ ಅಮೋಘಸಿದ್ದಪ್ಪ ಬೂಟು ಹೊರಗೆ ಬಿಟ್ಟು ಒಳಗೆ ಬಂದರು. ಅಷ್ಟು ಮರ್ಯಾದೆಯ ಮನುಷ್ಯ. ಕೈಯಲ್ಲಿ ಮೊಬೈಲು, ಅದರಲ್ಲಿ ಪ್ರಣಿತಾಳ ಫೋಟೋ.

“ನಿಜಗುಣಪ್ಪನವರ, ವಕೀಲರು ಎಲ್ಲಾ ಹೇಳ್ಯಾರ. ನೀವಽ ಕಡದೀರಿ ಅಂತ ಒಪ್ಪೀರಂತ. ಖರೇನು?”

“ಹೌದ್ರಿ ಸಾಹೇಬ್ರ.”

“ಛಲೋ ಆತು.” ಅವರು ಗೋಡೆಗೆ ಒರಗಿಸಿದ್ದ ಒಂದು ತಗಡು ತಂದು ಬೆಳಕಿನಲ್ಲಿ ಸ್ಟೂಲಿನ ಮೇಲಿಟ್ಟರು. “ವಿಭೂತಿ ತಗೋರ್ರಿ. ದಿನಾ ಹೆಂಗ ಹಚ್ತೀರಿ ಹಂಗಽ ಈ ತಗಡಿನ ಮ್ಯಾಲ ಎಳೀರಿ.”

ನಿಜಗುಣಪ್ಪ ಎಳೆದ. ನಡುಬೆರಳು ಮಡಚಿ ಎಳೆಯಲು ನೋಡಿದ. ಆದರೆ ಅಷ್ಟು ವರ್ಷದ ರೂಢಿ, ಕೈ ಅವನ ಮಾತು ಕೇಳಲಿಲ್ಲ. ಮೂರು ಗೆರೆ ನೀಟಾಗಿ ಬಿದ್ದವು.

ಇನ್ಸ್‌ಪೆಕ್ಟರ್ ಮೊಬೈಲು ನೋಡಿದರು, ತಗಡು ನೋಡಿದರು.

“ಇದು ನಿಮ್ಮ ಕೈ ಅಲ್ಲ. ಯಾರನ್ನ ಮುಚ್ಚಾಕತ್ತೀರಿ? ಇಲ್ಲಿ ಮತ್ತ ಯಾರು ದುಡೀತಾರ?”

“ಯಾರೂ ಇಲ್ರಿ. ನಾನೊಬ್ಬನಽ.”

“ಹಂಗಾದ್ರ ಆ ಹಿಂದಿನ ಲೇಥು ಯಾರದು?”

ಪ್ರಣಿತಾ ಆ ಲೇಥಿಗೆ ಬೆನ್ನು ಕೊಟ್ಟು ನಿಂತಿದ್ದಳು. ಎರಡೂವರೆ ಗೆರೆ ಅವಳ ಬೆನ್ನ ಹಿಂದೆ, ಅಂಗೈಗೆ ತಾಗುವಷ್ಟು ಹತ್ತಿರ. ಒಮ್ಮೆ ಕೈಯಾಡಿಸಿದರೆ ಅಳಿಸಿಹೋಗುತ್ತದೆ. ಅಪ್ಪ ಉಳಿಯುತ್ತಾನೆ. ಮಧ್ಯಾಹ್ನ ಕೋರ್ಟಿನಲ್ಲಿ ಅಣ್ಣ ಹೋಗುತ್ತಾನೆ. ಅಳಿಸದಿದ್ದರೆ ಅಣ್ಣ ಮನೆಗೆ ಬರುತ್ತಾನೆ, ಆದರೆ ಯಾವ ಮುಖ ಹೊತ್ತು ಬರುತ್ತಾನೆ?

ಅವಳು ಅಂಗೈಯನ್ನು ಗೆರೆಯ ಮೇಲೆ ಇಟ್ಟಳು. ವಿಭೂತಿ ತಣ್ಣಗಿತ್ತು. ಕೈ ಅಲುಗಲಿಲ್ಲ.

“ಪ್ರಣಿತಾ, ಒಂದೀಟು ಸರೀರಿ ಅಲ್ಲಿಂದ,” ಅಂದರು ಇನ್ಸ್‌ಪೆಕ್ಟರ್.

ಅವಳು ಸರಿಯಲಿಲ್ಲ.

ಹಿಂದಿನ ಖೋಲಿಯ ಬಾಗಿಲು ಕಿರುಗುಟ್ಟಿತು. ಗೋಡೆ ಸವರುತ್ತ, ಲೇಥಿನ ಅಂಚು ಸವರುತ್ತ, ಬಿಳಿ ಅಂಗಿಯ ಮುದುಕ ಹೊರಗೆ ಬಂದ. ಮಗಳ ಪಕ್ಕದಿಂದಲೇ ದಾಟಿದ. ಅವಳು ಅಲ್ಲಿ ನಿಂತದ್ದು ಅವನಿಗೆ ಕಾಣಲಿಲ್ಲ.

“ಸಾಹೇಬ್ರ, ನಿಜಗುಣನ್ನ ಬಿಡ್ರಿ,” ಅಂದ ಶಟ್ಟೆಪ್ಪ. ಕೈಯನ್ನು ಅಂದಾಜಿನ ಮೇಲೆ ಮುಂದೆ ಚಾಚಿ ತಟ್ಟೆ ಹುಡುಕಿದ. ಮೂರು ಬೆರಳು ವಿಭೂತಿಯಲ್ಲಿ ಅದ್ದಿದ. ಎಲ್ಲರ ಮುಂದೆ ಆ ಕೈಯನ್ನು ಮೇಲೆತ್ತಿ ಹಿಡಿದ.

ಹಿಡಿದು ನಿಂತೇ ಇದ್ದ. ತಗಡು ಅವನ ಎದುರಿಗೇ, ಒಂದು ಮೊಳ ದೂರದಲ್ಲಿತ್ತು. ಅವನು ಅದರ ಆಚೆಗೆ, ಗೋಡೆಯ ಕಡೆಗೆ ನೋಡುತ್ತಿದ್ದ. ಇನ್ಸ್‌ಪೆಕ್ಟರ್ ಅವನ ಕಣ್ಣನ್ನೇ ದಿಟ್ಟಿಸತೊಡಗಿದರು.

“ಪ್ರಣೀ, ಇಲ್ಲೇ ಅದಿಯಲ್ಲ? ನಿನ್ನ ದನಿ ಕೇಳೀನಿ ನಾ,” ಅಂದ ಅಪ್ಪ. “ತಗಡು ಎಲ್ಲೈತಿ ತೋರಸವ್ವಾ. ನನಗ ಕಾಣವಲ್ದು.”